ಬಾಗಿಲು ತೆಗೆದ ಹುಡುಗಿ

ರೇಣು,

ಇವತ್ತು ಮಧ್ಯಾಹ್ನ ನನ್ನ ಮಗಳು ಚಿನ್ನು, ಹುಣಸೂರಿನ ಲೈಬ್ರರಿಯಿಂದ ತಂದ ದೆವ್ವದ ಕಾದಂಬರಿಯನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದಳು. ಅದರಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಸತ್ತ ತಂಗಿಯ ದನಿ ಕೇಳಿ ಬಾಗಿಲು ತೆಗೆಯುತ್ತಾಳೆ.

"ದೆವ್ವ ಅಂತ ಗೊತ್ತಿದ್ರೂ ತೆಗಿತಾಳಲ್ಲಮ್ಮ, ಪೆದ್ದಿ," ಎಂದಳು.

"ಪೆದ್ದಿ ಅಲ್ಲ ಕಣವ್ವ," ಎಂದೆ.

ಚಿಕ್ಕವರಿದ್ದಾಗ ನೀನೂ ನಾನೂ ಒಂದೇ ಕಂಬಳಿಯೊಳಗೆ ಓದುತ್ತಿದ್ದ ಕತೆಗಳಲ್ಲೂ ಮಕ್ಕಳು ಹೀಗೇ ಇದ್ದರು. ಹೆದರಿ ನಡುಗುತ್ತಲೇ ಚಿಲಕಕ್ಕೆ ಕೈ ಹಾಕುತ್ತಿದ್ದರು.

ಅಪ್ಪನ ಮಾತು ಮೀರಿ ಮದುವೆಯಾದ ಮೇಲೆ ನೀನು ಗಂಡನ ಊರು ಹನಗೋಡಿನಿಂದ ಬಂದು ಬಾಗಿಲು ತಟ್ಟಿದ ದಿನ, ನಾನು ಚಿಲಕ ತೆಗೆಯದೆ ಒಳಗೇ ನಿಂತಿದ್ದೆ. ಮರುವರ್ಷ ಹೆರಿಗೆಯಲ್ಲಿ ನೀನು ಹೋದೆ.

"ನೀನಾಗಿದ್ರೆ ತೆಗಿತಿದ್ಯಾ?" ಎಂದು ಚಿನ್ನು ಕೇಳಿದಳು.

ನಾನು ಪುಸ್ತಕ ಇಸಿದುಕೊಂಡೆ. ಆ ಹುಡುಗಿ ತಂಗಿಯನ್ನು ಒಳಗೆ ಕರೆದು ಅನ್ನ ಬಡಿಸುವ ಪುಟವನ್ನು ಎರಡು ಸಲ ಓದಿದೆ.

ಅಕ್ಕ