ಏಳನೇ ನಂಬರಿನ ಎರಡನೇ ಪೆಟ್ಟು

ಖಡಕಿ, ಪುಣೆ
17 ಫೆಬ್ರವರಿ 1999, ಬುಧವಾರ

ಪ್ರೀತಿಯ ಅಪ್ಪಾ,

ಅಜ್ಜಿಯ ಮುರಿದ ಕಾಲು ಹೇಗಿದೆ? ಎಳೆಯಲು ಕಟ್ಟಿದ್ದ ಭಾರವನ್ನು ಬಿಚ್ಚಿದರೋ ಇನ್ನೂ ಹಾಗೇ ಇದೆಯೋ? ಮಲಗಿದಲ್ಲೇ ಇದ್ದು ಬೆನ್ನು ಹುಣ್ಣಾಗದಂತೆ ಆಗಾಗ ಮಗ್ಗುಲು ಬದಲಿಸಿರಿ ಎಂದು ಅವ್ವ ಮೂರು ಸಲ ಹೇಳಿದ್ದಾಳೆ, ಬರೆದಿದ್ದೇನೆ. ನಿನ್ನ ಕೆಮ್ಮು ಕಡಿಮೆಯಾಗಿರಬೇಕು, ಚಾಕಣದ ಕಾರ್ಖಾನೆಯ ಎಣ್ಣೆ ಹೊಗೆಯಿಂದ ಇಪ್ಪತ್ತು ದಿನ ದೂರ ಇದ್ದೀಯಲ್ಲ. ಕಿವಿಗೆ ಬಿಡುವ ಔಷಧ ನೀನು ಇಲ್ಲೇ ಮರೆತು ಹೋಗಿದ್ದೆ, ಇದರ ಜೊತೆ ಇದೆ. ದತ್ತು ಕಾಕಾ ಹೊಲಕ್ಕೆ ಹೋದಾಗ ಅಜ್ಜಿ ಕರೆದರೆ ನಿನಗೆ ಕೇಳಿಸುತ್ತದೋ ಇಲ್ಲವೋ ಎಂಬುದೇ ಅವ್ವನ ಚಿಂತೆ. ಊರಿನ ಫೋನು ಐದು ದಿನದಿಂದ ಹತ್ತುತ್ತಿಲ್ಲ. ಪಕ್ಕದ ಮನೆಯ ಸಾಬವ್ವ ಇವತ್ತು ಭಾಲ್ಕಿ ಬಸ್ಸಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ಅಂಚೆಗೆ ಹಾಕಲು ಮನಸ್ಸು ಒಪ್ಪಲಿಲ್ಲ. ಯಾಕೆಂದು ಓದುತ್ತ ಹೋದರೆ ತಿಳಿಯುತ್ತದೆ. ನೀನೇ ಓದು, ಕಾಕಾನಿಂದ ಓದಿಸಬೇಡ.

ನೀನು ಹೊರಡುವ ಮುಂಚೆ ಕೊಟ್ಟ ಕ್ಯಾಸೆಟ್ಟಿನಿಂದಲೇ ಎಲ್ಲ ಶುರುವಾಯಿತು. ನಮ್ಮ ‘ತೀಸ ತಾರಾ’ ತಂಡದ ಸುದ್ದಿ ಊರಲ್ಲಿ ಹೇಳಿದರೆ ಮದುವೆ ಆರ್ಕೆಸ್ಟ್ರಾ ಎಂದುಕೊಳ್ಳುತ್ತಾರೆ ಎಂದು ನೀನು ನಗುತ್ತಿದ್ದೆಯಲ್ಲ. ಐದು ಜನ, ಐದು ಗಿಟಾರು, ಮೂವತ್ತು ತಂತಿ. ಇದುವರೆಗೆ ಯಾರೂ ಕೇಳಿರದ ಸಂಗೀತವನ್ನು ಹೊಸದಾಗಿ ಬರೆಸಬೇಕು, ಅದನ್ನೇ ನುಡಿಸಬೇಕು ಎಂಬುದು ತಂಡ ಕಟ್ಟಿದ ಸ್ನೇಹಲ್‌ಳ ಹಟ. ಈ ಸಲ ಬರೆಯಲು ಒಪ್ಪಿಕೊಂಡವರು ಬಾಳಕೃಷ್ಣ. ಹುಬ್ಬಳ್ಳಿ ಕಡೆಯ ಬಟ್ಟೆ ವ್ಯಾಪಾರಿಗಳ ಮನೆಯವರು, ಅಂಗಡಿಯಲ್ಲಿ ಕೂರಲಾರದೆ ಸಂಗೀತ ಬರೆಯಲು ಕುಳಿತವರು. ನಮ್ಮ ಮನೆಗೆ ಬಂದು ಅವ್ವನ ಕೈಯ ರೊಟ್ಟಿ ತಿಂದು ಹೋದದ್ದು ನಿನಗೆ ನೆನಪಿರಬೇಕು. ಅವರು ನಮ್ಮೈದು ಜನಕ್ಕೂ ಒಂದೇ ಮಾತು ಹೇಳಿದ್ದರು, ದಿನಾ ಕಿವಿಗೆ ಬಿದ್ದೂ ಕೇಳಿಸಿಕೊಳ್ಳದ ಒಂದು ಸಪ್ಪಳ ತನ್ನಿ ಎಂದು. ಯಾರೋ ಗಿರಣಿಯದು ತಂದರು, ಸ್ನೇಹಲ್ ಕೋಥರೂಡದ ತಮ್ಮ ಸೊಸೈಟಿಯ ನೀರಿನ ಪಂಪಿನದು ತಂದಳು. ನಾನು ನಿನ್ನ ಊಟದ ಚೀಲದಲ್ಲಿ ಟೇಪ್ ರೆಕಾರ್ಡರ್ ಇಟ್ಟು ಕಳಿಸಿದೆ. “ನಮ್ಮ ಮಶೀನಿನ ಸಪ್ಪಳ ಯಾರ್ ಕೇಳ್ತಾರವ್ವಾ, ಕೇಳಿದವ್ರು ಕಿವುಡ್ರಾಗ್ತಾರ” ಎಂದು ನೀನು ಬೈದರೂ ಒಯ್ದೆ.

ಬಾಳಕೃಷ್ಣ ಉಳಿದ ನಾಲ್ಕು ಕ್ಯಾಸೆಟ್ಟುಗಳನ್ನು ಬದಿಗಿಟ್ಟು ನಿನ್ನದನ್ನೇ ಹಿಡಿದುಕೊಂಡರು. ಏಳನೇ ನಂಬರಿನ ಪ್ರೆಸ್ಸು. ನೀನು ಪೆಡಲ್ ತುಳಿಯುವುದು, ಮೇಲಿನ ಭಾರ ಬೀಳುವುದು, ತಗಡು ಕತ್ತರಿಸುವುದು, ಮತ್ತೆ ತುಳಿಯುವುದು. ಎಲ್ಲ ಒಂದೇ ಲೆಕ್ಕ. ಆದರೆ ನಡುನಡುವೆ, ಯಾರೂ ತುಳಿಯದೆ, ಒಂದು ಪೆಟ್ಟು ತಾನಾಗಿಯೇ ಹೆಚ್ಚಿಗೆ ಬೀಳುತ್ತಿತ್ತು. ಸ್ಟಾಪ್‌ವಾಚ್ ಹಿಡಿದು ಕುಳಿತು, ಇಪ್ಪತ್ತೆಂಟು ನಿಮಿಷದಲ್ಲಿ ಒಂಬತ್ತು ಸಲ ಹೀಗೆ ಬಿದ್ದಿದೆ ಎಂದು ನಿಮಿಷ ಸೆಕೆಂಡಿನ ಸಮೇತ ಅವರು ಬರೆದುಕೊಂಡರು. ಆ ಒಂಬತ್ತು ಪೆಟ್ಟುಗಳೇ ಅವರ ಕೃತಿಯ ಪ್ರಾಣವಾದವು. ನಾಲ್ಕು ಗಿಟಾರುಗಳು ತಂತಿಯ ಮೇಲೆ ಅಂಗೈ ಒತ್ತಿ ಒಂದೇ ಸಮ ಬಡಿಯಬೇಕು. ಐದನೆಯವಳಾದ ನಾನು ದಪ್ಪ ತಂತಿಯನ್ನು ಅದು ಮರಕ್ಕೆ ತಾಗಿ ಗರಗರ ಅನ್ನುವಷ್ಟು ಸಡಿಲ ಮಾಡಿ, ಯಾರೂ ಕಾಯದ ಜಾಗದಲ್ಲಿ ಹೊಡೆಯಬೇಕು. ಎಲ್ಲಿ ಎಂಬುದು ನನ್ನ ಮುಂದಿನ ಡಬ್ಬಿಯಲ್ಲಿನ ಚೀಟಿಗಳಿಗೆ ಮಾತ್ರ ಗೊತ್ತು. ಪ್ರತಿ ಸಲ ಚೀಟಿ ಕಲಸಿ ಒಂದು ಎತ್ತಬೇಕು. “ನಿನ್ನ ಪೆಟ್ಟು ಯಾವಾಗ ಬೀಳತೈತಿ ಅಂತ ಉಳಿದ ನಾಲ್ಕು ಮಂದಿಗೆ ತಿಳೀಬಾರದು, ಅವರ ಕೈ ಬೆಚ್ಚಬೇಕು. ಬೆಚ್ಚಿದ್ದು ಕೇಳಬೇಕು” ಎಂದರು ಬಾಳಕೃಷ್ಣ. ನಿಜವಾಗಿಯೂ ಅವರ ಕೈ ಬೆಚ್ಚುತ್ತಿತ್ತು ಅಪ್ಪಾ. ಎರಡನೇ ವಾರಕ್ಕೆ ಸ್ನೇಹಲ್ ನನ್ನ ಪಕ್ಕ ಕೂರಲು ಒಲ್ಲೆ ಎಂದಳು. ನನಗೆ ಅದು ಖುಷಿಯಾಗಿತ್ತು. ಇದನ್ನು ಮುಚ್ಚಿಡದೆ ನಿನಗೆ ಹೇಳಬೇಕು. ಅಷ್ಟು ಒಳ್ಳೆಯದಾಗಿ ನಾನು ಯಾವತ್ತೂ ನುಡಿಸಿರಲಿಲ್ಲ.

ಈ ತಿಂಗಳು ಏಳನೇ ತಾರೀಖು, ಭಾನುವಾರ, ಅಜ್ಜಿಯ ಸುದ್ದಿ ಕೇಳಲು ಫಕೀರಪ್ಪ ಕಾಕಾ ಮನೆಗೆ ಬಂದಿದ್ದರು. ಹದಿನಾಲ್ಕು ವರ್ಷ ನಿನ್ನ ಪಕ್ಕದ ಮಶೀನಿನಲ್ಲಿ ನಿಂತವರು, ಕೇಳಿದರೆ ನಗುತ್ತಾರೆ ಎಂದುಕೊಂಡು ಕ್ಯಾಸೆಟ್ ಹಾಕಿದೆ. ಎರಡನೇ ಹೆಚ್ಚಿನ ಪೆಟ್ಟು ಬಿದ್ದಾಗ ಅವರು ಕೈಯಲ್ಲಿದ್ದ ಚಹಾ ಕೆಳಗಿಟ್ಟರು. “ಇದು ಡಬಲ್ ಹೊಡೀಲತ್ತದವ್ವಾ. ಬ್ರೇಕು ಹಿಡೀವಲ್ದು. ನಿಮ್ಮಪ್ಪಗ ಕಿವಿ ಕೇಳ್ಸಂಗಿಲ್ಲ, ಆದ್ರೂ ಪೆಡಲ್ ಮ್ಯಾಲಿನ ಕಾಲಿಗೆ ಗೊತ್ತಾಗ್ತಿತ್ತು, ಕೈ ತಕ್ಕೊಂತಿದ್ದ” ಎಂದರು. ಆ ಪೆಟ್ಟು ಬೀಳುವ ಹೊತ್ತಿಗೆ ತಗಡು ತೆಗೆಯಲು ಕೈ ಒಳಗೇ ಇರುತ್ತದೆ ಎಂಬುದು ನನಗೆ ಆಗ ಮೊದಲು ತಿಳಿಯಿತು. ಇಪ್ಪತ್ತು ದಿನ ನಾನು ಅದನ್ನು ತಾಳ ಎಂದು ಎಣಿಸುತ್ತಿದ್ದೆ. ಕಾಕಾ ಕ್ಯಾಸೆಟ್ ನಿಲ್ಲಿಸಲು ಬಿಡಲಿಲ್ಲ, ಮಶೀನಿನ ಸಪ್ಪಳ ಮುಗಿದ ಮೇಲಿನದನ್ನು ನಾವು ಯಾರೂ ಅದುವರೆಗೆ ಕೇಳಿರಲಿಲ್ಲ. ನೀನು ರೆಕಾರ್ಡರ್ ನಿಲ್ಲಿಸಲು ಮರೆತಿದ್ದೆ. ಮಶೀನು ನಿಂತ ಮೇಲೆ ನಿನ್ನ ದನಿ ಇದೆ. “ಸಾಹೇಬ, ಸಾತ ನಂಬರ ಪುನ್ಹಾ ಡಬಲ ಮಾರತೋಯ.” ಏಳನೇ ನಂಬರು ಮತ್ತೆ ಡಬಲ್ ಹೊಡೆಯುತ್ತಿದೆ ಎಂದು ಮರಾಠಿಯಲ್ಲಿ ಹೇಳುತ್ತೀ. ಸೂಪರ್‌ವೈಜರ್ ಅವಸರದಲ್ಲಿದ್ದಂತೆ ಉತ್ತರಿಸುತ್ತಾನೆ, ಕೈ ಜೋಕೆಯಿಂದ ಇಟ್ಟು ಕೆಲಸ ಮಾಡು ಕಾಶಪ್ಪಾ, ಮಶೀನು ಭಾನುವಾರ ನೋಡೋಣ ಎಂದು. ನೀನು ಕೇಳುತ್ತೀ, ಹೋದ ಭಾನುವಾರವೂ ಹಾಗೇ ಹೇಳಿದ್ದಿರಲ್ಲ ಎಂದು. ಬೂಟಿನ ಸಪ್ಪಳ ದೂರ ಹೋಗುತ್ತದೆ, ಅಷ್ಟೇ.

ಈಗ ಆ ಮಶೀನಿನಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಹೊಸದಾಗಿ ಸೇರಿದ ಗೂಳಪ್ಪ, ಆಳಂದ ಕಡೆಯವನು, ಮದುವೆಯಾಗಿ ಎರಡು ವರ್ಷ ಎಂದರು. ಅವನ ಕಾಲಿಗೆ ಏನೂ ಗೊತ್ತಿಲ್ಲ. ಸೋಮವಾರವೇ ಸಾಹೇಬರಿಗೆ ಹೇಳುತ್ತೇನೆ ಎಂದು ಕಾಕಾ ಹೋದರು, ಹೇಳಿದರು ಕೂಡ. ಬರುವ ಭಾನುವಾರ ಎಂಬ ಉತ್ತರ ಬಂತು. ಮಂಗಳವಾರ ನಾನೇ ಕ್ಯಾಸೆಟ್ ತೆಗೆದುಕೊಂಡು ಚಾಕಣಕ್ಕೆ ಹೋಗಿ ಗೂಳಪ್ಪನನ್ನು ಕಾಣಬೇಕೆಂದು ಹೊರಟಿದ್ದೆ. ಸ್ನೇಹಲ್ ಬೆಳಿಗ್ಗೆಯೇ ಎದುರಿನ ಅಂಗಡಿಗೆ ಫೋನು ಮಾಡಿದಳು, ಕಾರ್ಯಕ್ರಮಕ್ಕೆ ನಾಲ್ಕೇ ದಿನ, ಮೂರನೇ ಭಾಗ ಇನ್ನೂ ಕೂತಿಲ್ಲ, ಇವತ್ತು ತಪ್ಪಿಸಿದರೆ ಆಗುವುದಿಲ್ಲ ಎಂದು. ನಾನು ಕೋಥರೂಡದ ಬಸ್ಸು ಹತ್ತಿದೆ. ಬುಧವಾರವೂ ಅದೇ ಆಯಿತು. ಗುರುವಾರವೂ. ನಿನಗೆ ಬೇರೆ ಯಾರೋ ಹೇಳುವ ಮುಂಚೆ ನಾನೇ ಹೇಳಬೇಕೆಂದು ಇಷ್ಟು ಬರೆದೆ.

ಶನಿವಾರ ಕಾರ್ಯಕ್ರಮ. ಕುರ್ಚಿಗಳೆಲ್ಲ ತುಂಬಿದ್ದವು, ಬಾಗಿಲ ಹತ್ತಿರವೂ ಜನ ನಿಂತಿದ್ದರು. ಅವ್ವ ಮೊದಲ ಸಾಲಿನಲ್ಲಿ ಹಸಿರು ಸೀರೆಯಲ್ಲಿ ಕುಳಿತಿದ್ದಳು, ಕಣ್ಣು ಮುಚ್ಚಿಕೊಂಡೇ ಕೇಳಿದಳು. ಹೊಸದನ್ನು ಕೇಳಲು ಬಂದವರು ಮೊದಲು ನಕ್ಕರು, ಗಿಟಾರನ್ನು ಹೀಗೆ ಬಡಿಯುತ್ತಾರೆಯೇ ಎಂದು. ಮೂರನೇ ಚೀಟಿಯ ಹೊತ್ತಿಗೆ ಸಭೆಯಲ್ಲಿ ಒಂದು ಕೆಮ್ಮೂ ಇರಲಿಲ್ಲ. ಮುಂದಿನ ಪೆಟ್ಟು ಎಲ್ಲಿ ಎಂದು ಮುನ್ನೂರು ಜನ ಉಸಿರು ಹಿಡಿದು ಕುಳಿತಿದ್ದು ನನಗೆ ವೇದಿಕೆಯ ಮೇಲೆಯೇ ಗೊತ್ತಾಗುತ್ತಿತ್ತು. ಆಗ ಕೊನೆಯ ಸಾಲಿನಲ್ಲಿ ಫಕೀರಪ್ಪ ಕಾಕಾ ಕಂಡರು. ಕಂಪನಿಯ ನೀಲಿ ಅಂಗಿಯಲ್ಲೇ ಬಂದಿದ್ದರು. ನಾನು ಐದನೇ ಪೆಟ್ಟು ಹೊಡೆದೆ. ಅವರು ಎದ್ದು, ಎರಡೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ಹೊರಗೆ ಹೋದರು. ಇನ್ನೂ ನಾಲ್ಕು ಉಳಿದಿದ್ದವು. ಹೊಡೆದೆ. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ, ಬಾಳಕೃಷ್ಣರನ್ನು ವೇದಿಕೆಗೆ ಕರೆದರು, ಯಾರೋ ನನಗೆ ಹೂವು ಕೊಟ್ಟರು. ಹೂವು ಹಿಡಿದುಕೊಂಡೇ ಹೊರಗೆ ಓಡಿದೆ. ಕಾಕಾ ಮೆಟ್ಟಿಲ ಮೇಲೆ ಕುಳಿತಿದ್ದರು. “ಗುರುವಾರ ಮಧ್ಯಾನ ಆಯ್ತವ್ವಾ. ಗೂಳಪ್ಪನ ಬಲಗೈ. ಹೆಬ್ಬೆರಳೊಂದು ಉಳ್ದದ. ನಿನಗ ಮೊದ್ಲ ಹೇಳ್ಬೇಕಂತ ಬಂದಿದ್ದೆ, ನೀ ಆಗ್ಲೇ ಒಳಗ ಕುಂತಿದ್ದಿ” ಎಂದರು. ನನ್ನ ಕಾರ್ಯಕ್ರಮ ಕೆಡಿಸಬಾರದೆಂದು ಸುಮ್ಮನೆ ಕುಳಿತಿದ್ದರಂತೆ, ಕೇಳಲಾಗಲಿಲ್ಲವಂತೆ.

ಭಾನುವಾರ ಅವ್ವ, ನಾನು ಆಸ್ಪತ್ರೆಗೆ ಹೋದೆವು. ಗೂಳಪ್ಪ ನಿದ್ದೆಯಲ್ಲಿದ್ದ. ಅವನ ಹೆಂಡತಿ ಭೀಮವ್ವ ನನಗಿಂತ ಚಿಕ್ಕವಳು. ನಾನು ಕಾಶಪ್ಪನ ಮಗಳು ಎಂದ ಕೂಡಲೇ ಕುಳಿತುಕೊಳ್ಳಲು ಜಾಗ ಮಾಡಿಕೊಟ್ಟಳು. “ನಿಮ್ಮಪ್ಪನ ಮಶೀನಂತಲ್ರಿ. ಅವ್ರಿಗೇನೂ ಆಗಿಲ್ಲಲ್ಲ ಇಷ್ಟು ವರ್ಷ. ನಮ್ಮವರದೇ ತಪ್ಪಂತ ಕಂಪನಿಯವ್ರು ಹೇಳ್ಯಾರ್ರಿ, ಲಕ್ಷ್ಯ ಇಲ್ದೆ ಕೈ ಹಾಕ್ಯಾರಂತ. ಹಂಗಂದ್ರ ಏನೂ ಕೊಡಂಗಿಲ್ಲಂತ” ಎಂದಳು. ದೂರಲಿಲ್ಲ. ಸುಮ್ಮನೆ ಕೇಳುತ್ತಿದ್ದಳು, ಇದು ನಿಜವೇ ಎಂದು. ಅವ್ವ ಅವಳ ತಲೆ ಸವರುತ್ತಿದ್ದಳು. ನಾನು ನನ್ನ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ. ಅವನು ಎಚ್ಚರವಾಗುವ ಮೊದಲೇ ಎದ್ದು ಬಂದೆ.

ಸೋಮವಾರ ತಂಡದವರಿಗೆಲ್ಲ ಕ್ಯಾಸೆಟ್ಟಿನ ಕೊನೆಯನ್ನು ಕೇಳಿಸಿದೆ. ಇದನ್ನು ನಾನು ಇನ್ನು ನುಡಿಸುವುದಿಲ್ಲ ಎಂದೆ. ಮುಂಬಯಿಯಿಂದ ಕರೆ ಬಂದಿದೆ, ಸಂಗೀತ ಯಾರ ಕೈಯನ್ನೂ ಕಡಿದಿಲ್ಲ ಎಂದಳು ಸ್ನೇಹಲ್. ಅವಳ ಮಾತು ತಪ್ಪಲ್ಲ. ಆದರೆ ನನಗೆ ಚೀಟಿ ಎತ್ತಲಾಗದು. ಬಾಳಕೃಷ್ಣ ತಮ್ಮ ನೋಟ್‌ಬುಕ್ ತೆಗೆದು ನನ್ನ ತೊಡೆಯ ಮೇಲಿಟ್ಟರು. “ಒಂಬತ್ತು ಸಲ, ಯಾವ ನಿಮಿಷ ಯಾವ ಸೆಕೆಂಡು, ಎಲ್ಲಾ ಅದರಾಗ ಐತಿ, ಜನವರಿ ತಾರೀಖಿನ ಸಮೇತ. ನಾ ಅದನ್ನ ಸಂಗೀತ ಅಂತ ಬರದೆ. ಇನ್ಸ್‌ಪೆಕ್ಟರ್ ಓದಿದ್ರ ಬ್ಯಾರೇನೇ ಓದತಾನ” ಎಂದರು. ಕಾರ್ಖಾನೆಗಳ ತಪಾಸಣೆ ಮಾಡುವ ಸರಕಾರಿ ಕಚೇರಿಗೆ ಅವರು, ಫಕೀರಪ್ಪ ಕಾಕಾ ಶುಕ್ರವಾರ ಹೋಗುತ್ತಾರೆ. ಭೀಮವ್ವಳನ್ನೂ ಕರೆದೊಯ್ಯುತ್ತಾರೆ. ಕ್ಯಾಸೆಟ್ಟಿನ ಪ್ರತಿ ಮಾಡಿ ಮೂರು ಕಡೆ ಇಟ್ಟಿದ್ದೇವೆ. ಭಾನುವಾರ ಏಳನೇ ನಂಬರು ರಿಪೇರಿಯಾಯಿತಂತೆ, ಹಳೆಯ ಭಾಗಗಳನ್ನು ಅದೇ ದಿನ ಗುಜರಿಯ ಲಾರಿಗೆ ಹಾಕಿ ಕಳಿಸಿದರಂತೆ. ಮರುದಿನ ಸೂಪರ್‌ವೈಜರ್ ಕಾಕಾನನ್ನು ಕರೆದು, ಕಾಶಪ್ಪ ಯಾವಾಗ ಬರುತ್ತಾನೆ ಎಂದಷ್ಟೇ ಕೇಳಿದನಂತೆ. ಬಹಳ ಮೆತ್ತಗೆ ಕೇಳಿದ, ಹದಿನಾಲ್ಕು ವರ್ಷದಲ್ಲಿ ಅಂಥ ದನಿ ಕೇಳಿರಲಿಲ್ಲ ಎನ್ನುತ್ತಾರೆ ಕಾಕಾ. ಅವತ್ತಿನಿಂದ ನಮ್ಮ ಓಣಿಯ ತುದಿಯಲ್ಲಿ ಒಬ್ಬ ಸ್ಕೂಟರಿನವನು ನಿಲ್ಲುತ್ತಿದ್ದಾನೆ. ನಾನು ಹೊರಬಿದ್ದರೆ ಪತ್ರಿಕೆ ಬಿಚ್ಚುತ್ತಾನೆ.

ಇದೆಲ್ಲದರಲ್ಲಿ ನಿನ್ನ ದನಿ ಇದೆ ಅಪ್ಪಾ. ಅದನ್ನು ಸರಕಾರದವರ ಮುಂದೆ ಹಾಕಿದ ದಿನವೇ ನಿನ್ನ ಕೆಲಸ ಹೋಗಬಹುದು. ನಿನ್ನನ್ನು ಕೇಳದೆ ಮಾಡಲು ನನಗೆ ಹಕ್ಕಿಲ್ಲ. ಕೇಳುತ್ತ ಕೂತರೆ ಏನಾಗುತ್ತದೆ ಎಂಬುದನ್ನೂ ಒಮ್ಮೆ ನೋಡಿದ್ದೇನೆ. ಸಾಬವ್ವ ನಾಳೆ ನಿನ್ನನ್ನು ಕಂಡು, ಅಲ್ಲಿಂದಲೇ ಭಾಲ್ಕಿಗೆ ಬಂದು ಎಸ್‌ಟಿಡಿ ಬೂತಿನಿಂದ ನಮ್ಮ ಮನೆ ಎದುರಿನ ಅಂಗಡಿಗೆ ಫೋನು ಮಾಡುತ್ತಾಳೆ. ಹೂಂ ಅಥವಾ ಊಹೂಂ, ಒಂದು ಮಾತು ಅವಳಿಗೆ ಹೇಳು ಸಾಕು. ಊಹೂಂ ಎಂದರೂ ನಾನು ಸಿಟ್ಟಾಗುವುದಿಲ್ಲ.

ಅಜ್ಜಿಯ ಹಣೆಗೆ ನನ್ನ ಪರವಾಗಿ ಕೈ ಇಡು. ದತ್ತು ಕಾಕಾ, ಚಿಕ್ಕವ್ವ ಎಲ್ಲರನ್ನೂ ಕೇಳಿದೆನೆಂದು ಹೇಳು. ನಿನ್ನ ಎರಡೂ ಕೈಗೆ ಹಣೆ ಹಚ್ಚಿ ನಮಸ್ಕಾರ ಮಾಡುತ್ತೇನೆ.

ನಿನ್ನ ಮಗಳು
ಆರತಿ

ತಾ.ಕ. ಲಕೋಟೆ ಅಂಟಿಸುವಾಗ ಅವ್ವ ಹೇಳಿದಳು, ಅದಕ್ಕೇ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಸಾಬವ್ವ ಬಾಗಿಲಲ್ಲಿ ನಿಂತಿದ್ದಾಳೆ. ನಿನ್ನೆ ನಾನು ಇಲ್ಲದಾಗ ಕಂಪನಿಯ ಆಫೀಸಿನವರು ಇಬ್ಬರು ಮನೆಗೆ ಬಂದಿದ್ದರಂತೆ. ಸೇಬು ಹಣ್ಣು ತಂದಿದ್ದರಂತೆ. ಕಾಶಪ್ಪನವರ ರಜೆಯ ಕಾಗದದ ಮೇಲೆ ಒಂದು ಸಹಿ ಬಾಕಿ ಉಳಿದಿದೆ, ನಾವೇ ಹೋಗಿ ತರುತ್ತೇವೆ ಎಂದು ಊರಿನ ಹೆಸರು, ಭಾಲ್ಕಿಯಿಂದ ಯಾವ ದಾರಿ, ಮನೆ ಯಾವ ಕಡೆ ಎಂದೆಲ್ಲ ಕೇಳಿದರಂತೆ. ಅವ್ವ ಎಲ್ಲ ಹೇಳಿದ್ದಾಳೆ, ಹನುಮಂತ ದೇವರ ಗುಡಿಯ ಹಿಂದೆ ಎಂಬುದನ್ನೂ. ಅವರದು ಜೀಪು, ಈ ಪತ್ರದ್ದು ಬಸ್ಸು. ಅದು ರಜೆಯ ಕಾಗದವಲ್ಲ. ಫಕೀರಪ್ಪ ಕಾಕಾನ ಮುಂದೆಯೂ ಅಂಥದ್ದೇ ಇಟ್ಟಿದ್ದರಂತೆ, ಮಶೀನು ಸರಿಯಾಗಿತ್ತು, ನಾವು ಯಾವತ್ತೂ ದೂರು ಹೇಳಿಲ್ಲ ಎಂದು ಮರಾಠಿಯಲ್ಲಿ ಬರೆದದ್ದು. ಕಾಕಾ ಒಲ್ಲೆ ಎಂದರು. ನಿನಗೆ ಮರಾಠಿ ಓದಲು ಬಾರದೆಂದು ಅವರಿಗೆ ಗೊತ್ತು. ಸಹಿ ಮಾಡಬೇಡ. ಈಗಾಗಲೇ ಮಾಡಿಬಿಟ್ಟಿದ್ದರೆ ಅವ್ವನಿಗೆ ಎಂದೂ ಹೇಳಬೇಡ, ನನಗೆ ಮಾತ್ರ ಹೇಳು. ಶುಕ್ರವಾರಕ್ಕಿಂತ ಮೊದಲು ಹೇಳು.