ಬಟಾಣಿಯಷ್ಟು ಕಾಯಿ

ಭಾನುವಾರ, ಎಲೆ ಉದುರಲು ಶುರುವಾದ ವಾರ

ನನ್ನ ಸಿಡುಕಿ ಮೊಮ್ಮಗಳೇ,

ಆಶೀರ್ವಾದ ಕಾಗದದ ಕೊನೆಯಲ್ಲಿದೆ, ಮೊದಲು ಬೈಗುಳ ತಗೋ. "ಐದು ವರ್ಷ ಸಾಕಿದೆ, ಒಂದು ಹಣ್ಣೂ ಕಾಣಲಿಲ್ಲ, ಈ ಚಳಿಗೆ ಅಂಜೂರ ಒಗ್ಗೋದಿಲ್ಲ, ತಿಂಗಳ ಕೊನೆಗೆ ಕಿತ್ತು ಹಾಕ್ತೀನಿ" ಎಂದು ಬರೆದಿದ್ದೀಯಲ್ಲ, ಹಾಗೆ ಬರೆಯಲು ಮನಸ್ಸಾದರೂ ಹೇಗೆ ಬಂತು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಚಳಿ ಕಡಿಮೆಯೇ? ಹಿತ್ತಲಿನ ಬಕೆಟ್ಟಿನ ನೀರು ಬೆಳಿಗ್ಗೆ ಗಾಜಾಗಿರುತ್ತದೆ. ಇದೇ ಹಿತ್ತಲಿನ ಅಂಜೂರ ತಿಂದು ತಾನೇ ನೀನು ಬೆಳೆದದ್ದು? ನೀನು ನೆಡಲು ಒಯ್ದ ಕಡ್ಡಿಯೂ ಆ ಮರದ್ದೇ.

ನಾಲ್ಕನೇ ಕ್ಲಾಸಿಗೆ ಸ್ಲೇಟು ಒಡೆದು ಮನೆಗೆ ಬಂದವಳು ನಾನು. ಆದರೂ ನಿನ್ನ ಕಾಗದ ಎರಡನೇ ಸಲ ಓದುವಾಗಲೇ ತಪ್ಪು ಸಿಕ್ಕಿತು. ಪ್ರತಿ ವರ್ಷ ಚಳಿ ಬರುವ ಮುಂಚೆ "ದೊಡ್ಡ ಕಾಯಿಗೆ ಶಕ್ತಿ ಸಿಗಲಿ ಅಂತ ಸಣ್ಣವನ್ನೆಲ್ಲ ಚಿವುಟಿದೆ" ಎಂದಿದ್ದೀಯ. ಅಯ್ಯೋ ಪೆದ್ದಿ! ನೀನು ಚಿವುಟಿ ಎಸೆದದ್ದೇ ಬರುವ ವರ್ಷದ ಹಣ್ಣು. ರೆಂಬೆಯ ತುದಿಯಲ್ಲಿ ಬಟಾಣಿಯಷ್ಟಿರುವ ಕಾಯಿ ಚಳಿಯಲ್ಲಿ ಮುದುರಿ ಮಲಗಿ, ಬಿಸಿಲು ಬಂದಾಗ ಎದ್ದು ಹಣ್ಣಾಗುತ್ತದೆ. ಹೆಬ್ಬೆರಳಿನಷ್ಟಿರುವುದು ಚಳಿಗೆ ಕೊಳೆತು ರೆಂಬೆಯನ್ನೂ ಕೊಳೆಸುತ್ತದೆ.

ಇವತ್ತೇ ಕೈಗೆ ಎಣ್ಣೆ ಸವರಿಕೊಂಡು ದೊಡ್ಡವನ್ನೆಲ್ಲ ಕೀಳು; ಅದರ ಹಾಲು ತಗುಲಿದರೆ ಚರ್ಮ ಉರಿಯುತ್ತದೆ. ಎಸೆಯಬೇಡ. ಮುಳ್ಳುಚಮಚದಲ್ಲಿ ಚುಚ್ಚಿ, ಮೂರು ಸಲ ನೀರು ಬದಲಿಸಿ ಬೇಯಿಸು, ಆಮೇಲೆ ಸಕ್ಕರೆಪಾಕದಲ್ಲಿ ಸಣ್ಣ ಉರಿಯಲ್ಲಿ ಬಿಡು. ಒಂದು ಬನ್ನಿನೊಳಗಿಟ್ಟು ನಿನ್ನ ಬೇಕರಿ ಯಜಮಾನನಿಗೆ ಕೊಡು. ಬೇಕರಿ ಹಿತ್ತಲಲ್ಲಿ ಗಿಡ ಜಾಗ ತಿನ್ನುತ್ತದೆ ಎನ್ನುವ ಅವನ ಬಾಯಿ ಅಲ್ಲಿಗೆ ಮುಚ್ಚುತ್ತದೆ.

ದೊಡ್ಡ ಡ್ರಮ್ಮು ಕೊಟ್ಟು ಗೊಬ್ಬರ ಬೇರೆ ಸುರಿದೆಯಂತೆ. ಕಾಲು ಚಾಚಲು ಜಾಗ ಸಿಕ್ಕರೆ ಅಂಜೂರ ಎಲೆ ಬಿಟ್ಟುಕೊಂಡು ಮೆರೆಯುತ್ತದೆ, ಹಣ್ಣಿನ ಯೋಚನೆ ಅದಕ್ಕೆಲ್ಲಿ? ಗೊಬ್ಬರ ನಿಲ್ಲಿಸು. ಬೇಕರಿ ಒಲೆಯ ಬೆನ್ನಿಗಿರುವ ಗೋಡೆ ಹಗಲೂ ರಾತ್ರಿ ಬೆಚ್ಚಗಿರುತ್ತದೆ ಎಂದು ನೀನೇ ಹೇಳಿದ್ದೆ. ಡ್ರಮ್ಮನ್ನು ಅಲ್ಲಿಗೆ ತಳ್ಳಿ, ಒಣಹುಲ್ಲು ತುಂಬಿ, ಖಾಲಿ ಗೋಣಿಚೀಲ ಸುತ್ತು. ಅಜ್ಜಿಗೆ ಅರಿವೆ ಚಿಂತೆ ಎಂದು ನಗಬೇಡ, ಗಿಡಕ್ಕೂ ಅರಿವೆ ಬೇಕು.

ಈ ವರ್ಷ ಜಾಮಿನ ಬಾಟಲಿ ಯಾಕೆ ಬರಲಿಲ್ಲ ಎಂದು ಕೇಳಿದ್ದೀಯ. ಅಂಚೆಯಲ್ಲಿ ಒಡೆಯುತ್ತದೆ ಎಂದು ಕಳಿಸಲಿಲ್ಲ. ಮರ ಇದ್ದಲ್ಲೇ ಇದೆ. ನನ್ನ ಮಂಡಿಯೂ ಹಾಗೇ ಇದೆ, ಕೇಳಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಬಾಳು.

ನಿನ್ನ ಅಜ್ಜಿ

ಮಡಚಿದ ಕಾಗದ ಮತ್ತೆ ಬಿಚ್ಚಿದ್ದೇನೆ. ಬಾಟಲಿಯ ಮಾತು ಸುಳ್ಳು. ಹೋದ ಚಳಿಗಾಲ ಪಕ್ಕದ ಮನೆಯ ಗಡಿಯಾರ ರಿಪೇರಿಯವನು ಗೋಡೆಯಾಚೆಯಿಂದ "ಅಜ್ಜೀ, ಇನ್ನೂ ಮರಕ್ಕೆ ಗೋಣಿ ಹೊದಿಸಿಲ್ವಾ?" ಎಂದ. "ನೀನು ನಿನ್ನ ಗಡಿಯಾರದ ಮುಳ್ಳು ನೋಡ್ಕೋ, ನನ್ನ ಮರ ನನಗೆ ಗೊತ್ತು" ಎಂದೆ. ಅವನು ಹೇಳಿದ ಕೂಡಲೇ ಹೊದಿಸಿದರೆ ನನ್ನ ಮರ್ಯಾದೆ ಏನಾಗಬೇಕು ಎಂದು ಎರಡು ದಿನ ಬೇಕೆಂದೇ ಬಿಟ್ಟೆ. ಎರಡನೇ ದಿನವೇ ಹಿಮ ಸುರಿಯಿತು. ಬೇಸಿಗೆಯಿಡೀ ಕಾದೆ, ಬುಡದಿಂದಲೂ ಒಂದು ಚಿಗುರು ಬರಲಿಲ್ಲ. ಆ ಮರದ ಜೀವ ಉಳಿದಿರುವುದು ನಿನ್ನ ಡ್ರಮ್ಮಿನಲ್ಲಿ ಮಾತ್ರ.

ಚಿಕ್ಕ ಕುಂಡಕ್ಕೆ ಮಣ್ಣು ತುಂಬಿ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಾಗಿದೆ. ಎಲೆ ಪೂರ್ತಿ ಉದುರಿದ ಕೂಡಲೇ, ಹಿಮ ಬೀಳುವ ಮೊದಲು, ಪೆನ್ಸಿಲ್ ದಪ್ಪದ ಎರಡು ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸು. ನನಗೆ ಎಪ್ಪತ್ತೆಂಟು, ಹಣ್ಣಿಗೆ ಇನ್ನೂ ಮೂರು ವರ್ಷ ಬೇಕು ಎಂದು ನೀನು ನೆನಪಿಸಬೇಕಾಗಿಲ್ಲ. ಈ ಸಲ ಗಡಿಯಾರದವನು ಬಾಯಿ ತೆರೆಯುವ ಮುಂಚೆಯೇ ಹೊದಿಸುತ್ತೇನೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ನಿನ್ನ ಉತ್ತರ ಇಲ್ಲಿರಬೇಕು, ಕಡ್ಡಿಯ ಜೊತೆ.