ಎಡಗಡೆಯಿಂದ ಬಂದ ಆನೆ

ಮನೆ, ಅಡುಗೆಮನೆಯ ಮೇಜು
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಅಕ್ಕ ಹೊತ್ತಿಗೆ ಸರಿಯಾಗಿ ಊಟ ಮಾಡ್ತಾಳಾ, ಇಲ್ಲ ಮಗುವಿನ ಮುಖ ನೋಡ್ತಾ ಕೂತುಬಿಡ್ತಾಳಾ? ಪುಟಾಣಿಗೆ ಈ ಚಿಕ್ಕಮ್ಮನ ಮುತ್ತು ಕೊಡು. ಫೋನ್ ಇರೋವಾಗ ಕಾಗದ ಯಾಕೆ ಬರೆದೆ ಅಂತ ಬೈಬೇಡ. ಫೋನ್ ಹಿಡಿದರೆ ಸಾಕು, ಅಪ್ಪ ಬಂದು ಪಕ್ಕದಲ್ಲೇ ಕೂರುತ್ತಾರೆ. ಇದು ಅವರ ಮುಂದೆ ಹೇಳುವ ವಿಷಯವಲ್ಲ.

ಮೊದಲು ಕೇಳು, ಕೂತ್ಕೊಂಡು ಕೇಳು. ಶುಕ್ರವಾರ ಸಂಜೆ ನಾನು ಚೆಸ್‌ನಲ್ಲಿ ಅಪ್ಪನನ್ನು ಸೋಲಿಸಿದೆ! ಹೌದು ಕಣಮ್ಮಾ, ನಾನೇ. ಬಸ್ ಡಿಪೋದಲ್ಲಿ ಕಂಡಕ್ಟರಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಮಣ್ಣು ಮುಕ್ಕಿಸಿದವರನ್ನು, ಹಲ್ಲು ಮೂಡಿದಾಗಿನಿಂದ ಅವರ ಕೈಲಿ ಸೋಲುತ್ತಲೇ ಬಂದ ನಾನು ಸೋಲಿಸಿದೆ. ಮಣೆಯ ಅಂಚಿನ ಸಾಲಿನಲ್ಲಿ ನನ್ನ ಆನೆ ಸೀದಾ ಕೆಳಗಿಳಿಯಿತು. ಅವರ ರಾಜ ತನ್ನದೇ ಪ್ಯಾದೆಗಳ ಹಿಂದೆ ಸಿಕ್ಕಿಹಾಕಿಕೊಂಡು ಕೂತಿದ್ದ. ಚೆಕ್‌ಮೇಟ್! ನಾನು ಕುಣಿದಾಡಿಬಿಟ್ಟೆ. ಅಪ್ಪ ಮಾತ್ರ ಬೆಪ್ಪಾಗಿ "ಎಲ್ಲಿಂದ ಬಂತೇ ಈ ಆನೆ?" ಅಂದರು. ನನ್ನನ್ನು ರೇಗಿಸುತ್ತಿದ್ದಾರೆ ಅಂದುಕೊಂಡೆ.

ನಮ್ಮನೆ ಕಾನೂನು ನಿನಗೆ ಗೊತ್ತಲ್ಲ, ಸೋತವರು ಆಟವನ್ನು ಮೊದಲಿನಿಂದ ಮತ್ತೆ ಜೋಡಿಸಿ ಎಲ್ಲಿ ತಪ್ಪಿದೆ ಅಂತ ಬಾಯಿಬಿಟ್ಟು ಹೇಳಬೇಕು. ಇಷ್ಟು ವರ್ಷ ಆ ಶಿಕ್ಷೆ ನನಗೇ ಇತ್ತು. ಅವತ್ತು ಅಪ್ಪನ ಸರದಿ. ಅವರು "ನೀನೇ ನೋಡ್ಕೋ ಹೋಗು" ಅಂತ ಎದ್ದು ಹೋದರು. ಸರಿ, ಶನಿವಾರ ಅವರು ಬಸ್ಸಿಗೆ ಹೋದಮೇಲೆ ನಾನೇ ಜೋಡಿಸಲು ಕೂತೆ. ನಿಜ ಹೇಳಬೇಕೆಂದರೆ ನನ್ನ ಜಾಣತನವನ್ನು ಇನ್ನೊಂದು ಸಲ ಕಣ್ತುಂಬ ನೋಡುವ ಆಸೆ. ಪ್ರೆಸ್ಸಿನಲ್ಲಿ ದಿನವಿಡೀ ಬೇರೆಯವರ ಅಚ್ಚಿನ ತಪ್ಪು ಹುಡುಕುವವಳಿಗೆ ತನ್ನದೊಂದು ಸರಿ ನೋಡುವ ಸುಖ ಬೇಡವಾ?

ಜಂಬವೆಲ್ಲ ಅರ್ಧ ಆಟಕ್ಕೇ ಇಳಿದುಹೋಯಿತು. ನಾನು ಆಡಿದ್ದು ದರಿದ್ರ ಆಟ ಅಮ್ಮಾ. ನನ್ನ ಒಂಟೆಯನ್ನು ತೆಗೆದುಕೊಂಡು ಹೋಗಿ ಅವರ ಪ್ಯಾದೆಯ ಬಾಯಿಗೇ ಇಟ್ಟಿದ್ದೆ. ಅವರು ತಿನ್ನಲಿಲ್ಲ. ಆಮೇಲೆ ಕುದುರೆಯನ್ನು ಪುಕ್ಕಟೆ ಬಿಟ್ಟಿದ್ದೆ. ಅದನ್ನೂ ಮುಟ್ಟಲಿಲ್ಲ. ನಾನು ಕಲಿಯುವಾಗ ಒಂದು ಪ್ಯಾದೆ ಕೂಡ ಬಿಟ್ಟುಕೊಡದ ಮನುಷ್ಯ! ಬೇಕಂತಲೇ ಸೋತರಾ ಅಂತ ಸಿಟ್ಟು ಬಂತು. ಹಾಗಂತ ಬಲಗಡೆ ನೋಡಿದರೆ ಅಲ್ಲಿ ಒಂದು ಹುಳ ಮಿಸುಕಿದರೂ ಹಿಡಿದಿದ್ದಾರೆ. ಎದ್ದು ಹೋಗಿ ಅವರ ಕುರ್ಚಿಯಲ್ಲಿ ಕೂತು ನೋಡಿದೆ. ಒಂಟೆ, ಕುದುರೆ, ಕೊನೆಗೆ ಬಂದ ಆನೆ, ಅವರು ಬಿಟ್ಟದ್ದೆಲ್ಲ ಅವರ ಎಡಗಡೆಯೇ ಇತ್ತು.

ಆಗ ಒಂದೊಂದೇ ನೆನಪಾಯಿತು. ಅವರ ತಟ್ಟೆಯಲ್ಲಿ ಎಡಗಡೆಯ ತರಕಾರಿ ಹಾಗೇ ಉಳಿಯುತ್ತಿತ್ತು, ಉಪ್ಪು ಜಾಸ್ತಿಯಾಯಿತೇನೋ ಅಂತ ನಾನು ಸುಮ್ಮನಿದ್ದೆ. ಹೋದ ತಿಂಗಳು ಬಸ್ಸಿನ ಎಡಗಡೆಯ ಕನ್ನಡಿ ಕಂಬಕ್ಕೆ ತಗುಲಿ ಒಡೆದಾಗ ಕಂಬ ನೆಟ್ಟವರಿಗೆ ಬೈದಿದ್ದರು, ನಾನೂ ಜೊತೆಗೆ ಬೈದಿದ್ದೆ. ಇವತ್ತು ಬೆಳಿಗ್ಗೆ ತಿಂಡಿಗೆ ಬೇಕಂತಲೇ ಅವರ ಎಡಕ್ಕೆ ಕೂತು ಉಸಿರು ಬಿಗಿಹಿಡಿದುಕೊಂಡೆ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಅಮ್ಮಾ. ಅಪ್ಪ ಒಳಗಿನ ಕೋಣೆಯ ಕಡೆ ಕೂಗಿದರು, "ಎಲ್ಲಿದ್ದೀಯೇ? ಚಹಾ ಆರ್ತಿದೆ ಬಾ."

ಆಮೇಲೆ, ಎಡಗಡೆ ಕಾಣ್ತಿಲ್ಲ ಅಲ್ವಾ ಅಂತ ನೇರವಾಗಿ ಹೇಳಿದೆ. ಕೆಂಡವಾದರು. "ಒಂದು ಆಟ ಗೆದ್ದ ತಕ್ಷಣ ನಂಗೇ ಕಣ್ಣಿಲ್ಲ ಅಂತೀಯಾ? ಇಷ್ಟು ವರ್ಷ ಬಸ್ ಓಡಿಸಿದ್ದು ನೀನಾ ನಾನಾ?" ನಾಳೆ ಬೆಳಿಗ್ಗೆ ಮೊದಲ ಬಸ್ ಅವರದೇ, ಶಾಲೆ ಮಕ್ಕಳು ತುಂಬಿಕೊಳ್ಳುವ ಬಸ್ಸು. ನನಗೆ ಬೇರೆ ದಾರಿ ತೋಚಲಿಲ್ಲ, ಪಂದ್ಯ ಕಟ್ಟಿದ್ದೀನಿ. ಇವತ್ತು ಸಂಜೆ ಇನ್ನೊಂದು ಆಟ. ಅವರು ಗೆದ್ದರೆ ನಾನು ತುಟಿಪಿಟಿಕ್ಕೆನ್ನುವುದಿಲ್ಲ. ನಾನು ಗೆದ್ದರೆ ಬಸ್ ಹತ್ತದೆ ಕಣ್ಣಿನ ಡಾಕ್ಟರ ಹತ್ತಿರ ಬರಬೇಕು. "ಮೊದಲು ಗೆಲ್ಲು, ಆಮೇಲೆ ನೋಡೋಣ" ಅಂತ ನಕ್ಕರು. ನ್ಯಾಯವಾಗಿ ಆಡಿದರೆ ನಾನು ಗೆಲ್ಲುವುದು ಅಷ್ಟರಲ್ಲೇ ಇದೆ. ಅದಕ್ಕೇ ಪೂರ್ತಿ ಎಡಗಡೆಯಿಂದ ನುಗ್ಗುತ್ತೀನಿ. ಹೆತ್ತ ಅಪ್ಪನಿಗೆ ಕಾಣದ ಕಡೆಯಿಂದ ಹೊಡೆಯುವುದು ಮೋಸವಾ ಅಮ್ಮಾ?

ಅಕ್ಕನಿಗೆ, ಭಾವನಿಗೆ ನನ್ನ ನೆನಪು ಹೇಳು. ನೀನು ಹೆದರಬೇಡ, ಹೊತ್ತಿಗೆ ಮಾತ್ರೆ ತಗೋ.

ನಿನ್ನ ಬಾಯಿಬಡುಕಿ

ತಾ.ಕ.: ಅಮ್ಮಾ, ಲಕೋಟೆ ಅಂಟಿಸುವ ಮುಂಚೆ ಗಡಿಬಿಡಿಯಲ್ಲಿ ಬರೀತಿದ್ದೀನಿ. ಆಟ ಮುಗಿಯಿತು. ನನ್ನ ರಾಣಿಯನ್ನು ಅವರ ಎಡಗಡೆಯ ಅಂಚಿಗೆ, ಅವರ ಆನೆಯ ಎದುರಿಗೇ ತಂದು ನಿಲ್ಲಿಸಿದೆ. ಕಂಡರೆ ನನ್ನ ಕಥೆ ಮುಗಿದ ಹಾಗೆ. ಅಪ್ಪ ನನ್ನ ಮುಖ ನೋಡಿದರು. ನಾನು ಅಳುತ್ತಿದ್ದೆ ಅಂತ ನನಗೇ ಗೊತ್ತಿರಲಿಲ್ಲ. ಆಮೇಲೆ ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ ರಾಣಿಯನ್ನು ನೋಡಿದರು. ಕಂಡಿತು ಅಮ್ಮಾ, ಅವರಿಗೆ ಕಂಡಿತು! ಕೈ ಆನೆಯ ಮೇಲೆ ಹೋಯಿತು, ಹಿಂದಕ್ಕೆ ಬಂತು. ತಮ್ಮ ರಾಜನನ್ನು ಮಲಗಿಸಿಬಿಟ್ಟರು. "ಸೋತವನು ನಾನು, ತಪ್ಪಿದ್ದೆಲ್ಲಿ ಅಂತ ಹೇಳ್ತೀನಿ ಕೇಳು. ನಿಮ್ಮಮ್ಮ ನಿಮ್ಮಕ್ಕನ ಮನೆಗೆ ಹೊರಡೋ ದಿನವೇ ಎಡಗಡೆ ಮಬ್ಬಾಗಿತ್ತು. ಅವಳು ಹೋಗೋದು ನಿಲ್ಲಿಸ್ತಾಳೆ ಅಂತ ಹೇಳಲಿಲ್ಲ." ಈಗ ಡಿಪೋಗೆ ಫೋನ್ ಮಾಡುತ್ತಿದ್ದಾರೆ, ನಾಳೆಗೆ ಬೇರೆ ಡ್ರೈವರ್ ಹಾಕಿ ಅಂತ. ಬಾಗಿಲ ಈಚೆ ನನಗೆ ಕೇಳಿಸುತ್ತಿದೆ. ಬೇಗ ಬಾ ಅಮ್ಮಾ. ಬಂದಾಗ ಅವರ ಬಲಗಡೆ ನಿಂತು ಕರಿ.